ಆಂಡಿಯ ಕಾರಿಗೊಂದು ಕಬ್ಬಿಣದ ಬಳೆ

ಘಾಟಿಯ ಮೇಲಿನ ಕುಮಳಿ ಕಡೆಗೆ ಹೋಗುವ ಮೊದಲ ಬಸ್ಸು ಧೂಳೆಬ್ಬಿಸಿ ಮರೆಯಾದ ಮೇಲೆ ಆಂಡಿ ಕಾರಿನ ಹಿಂಭಾಗದ ಮುಚ್ಚಳ ಎತ್ತಿ ಎಂಜಿನ್ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಬೆಟ್ಟದಿಂದ ಇಳಿದ ಮಂಜು ಕಂಬಂ ಊರಿನ ಬಾಳೆ ತೋಟಗಳ ಮೇಲೆ ಇನ್ನೂ ನಿಂತಿತ್ತು. ದಿನವೂ ಅವನ ಕೆಲಸ ಹೀಗೆಯೇ ಶುರುವಾಗುತ್ತಿತ್ತು. ಮೊದಲು ಅಂಗೈ, ಆಮೇಲೆ ಎಣ್ಣೆ ನೋಡುವ ಕಡ್ಡಿ, ಕೊನೆಗೆ ಕೀಲಿ.

ಎಂಜಿನ್ ಹಿಂದೆ ಇದ್ದ ಕಾರು ಆ ಕಣಿವೆಯಲ್ಲಿ ಅದೊಂದೇ. ಟೀ ಅಂಗಡಿಯವರಿಗೆ ಅದು ಮುಗಿಯದ ತಮಾಷೆ. "ಆಂಡೀ, ಇವತ್ತು ನಿನ್ನ ವಂಡಿಗೆ ಮುಖ ಯಾವ ಕಡೆ, ಬಾಲ ಯಾವ ಕಡೆ?" ಎಂದು ಕೇಳುತ್ತಿದ್ದರು. "ನೀವು ಯಾವ ಕಡೆ ನಿಂತು ನಗ್ತೀರೋ ಅದೇ ಬಾಲ" ಎಂದು ಆಂಡಿ ಹೇಳಿ ಹೋಗುತ್ತಿದ್ದ.

ಕುಮಳಿಯ ಮೇಲಿನ ಎಸ್ಟೇಟಿನ ದೊರೆಯೊಬ್ಬ ಅಮೆರಿಕದಿಂದ ತರಿಸಿದ ಕಾರು ಅದು. ಅವನು ತನ್ನ ದೇಶಕ್ಕೆ ಮರಳುವಾಗ ಏಲಕ್ಕಿ ವ್ಯಾಪಾರಿ ತಂಗರಾಜ್ ಅದನ್ನು ಕೊಂಡು, ಓಡಿಸಲು ಆಂಡಿಯನ್ನು ಇಟ್ಟುಕೊಂಡರು. ಅದರ ಎಂಜಿನ್ನಿಗೆ ಟರ್ಬೋ ಎಂಬ ಬಸವನಹುಳುವಿನಂಥ ಯಂತ್ರ ಅಂಟಿಕೊಂಡಿತ್ತು. ಹೊರಗೆ ಹೋಗುವ ಹೊಗೆ ಅದರೊಳಗಿನ ಚಕ್ರವನ್ನು ತಿರುಗಿಸುತ್ತದೆ; ಆ ಚಕ್ರ ಎಂಜಿನ್ನಿನೊಳಕ್ಕೆ ಗಾಳಿ ತುರುಕುತ್ತದೆ. ಆಂಡಿ ಅದನ್ನು 'ತಿದಿ' ಎನ್ನುತ್ತಿದ್ದ. ಕಾರು ವೇಗ ಹಿಡಿದಾಗ ತಿದಿಯಿಂದ ಸಣ್ಣ ಶಿಳ್ಳೆ ಏಳುತ್ತಿತ್ತು, ದೂರದ ಬಯಲಲ್ಲಿ ಯಾರೋ ದನ ಕರೆಯುತ್ತಿರುವ ಹಾಗೆ. ಮಧ್ಯಾಹ್ನದ ಜೊಂಪಿನಲ್ಲೂ ಅವನಿಗೆ ಅದು ಕೇಳುತ್ತಿತ್ತು. ಕಾರು ನೆಲ ಮುಟ್ಟದೆ, ಹುಣಸೆ ಮರಗಳ ತುದಿ ಸವರಿಕೊಂಡು ಘಾಟಿ ಏರುತ್ತಿರುವುದೂ ಕಾಣುತ್ತಿತ್ತು.

ಎಚ್ಚರದಲ್ಲಿ ಅದು ಏರುತ್ತಿರಲಿಲ್ಲ. ಘಾಟಿಯ ಬುಡದ ಲೋವರ್ ಕ್ಯಾಂಪ್ ದಾಟಿ ತಿರುವುಗಳು ಶುರುವಾಗುತ್ತಿದ್ದಂತೆ ಉಬ್ಬಸ ಬಂದವರಂತೆ ನಿಲ್ಲುತ್ತಿತ್ತು. ಒಂದು ದಿನ ಬಾಳೆಗೊನೆ ತುಂಬಿದ ಜೀಪೊಂದು ಹಾರ್ನ್ ಹೊಡೆದು ಪಕ್ಕದಲ್ಲೇ ಮುಂದೆ ಹೋಯಿತು. ತಂಗರಾಜ್ ಮುಖ ತಿರುಗಿಸಿ ಕೂತರು. ಅವರ ಮನೆಮಾತೂ ಆಂಡಿಯದರಂತೆ ಕನ್ನಡವೇ. ಅಂಗಡಿಯಲ್ಲಿ ಕೂತರೆ ತಮಿಳು, ಸಿಟ್ಟು ಬಂದರೆ ಕನ್ನಡ. ಅಂದು ಕನ್ನಡದಲ್ಲೇ ಹೇಳಿದರು.

"ನೋಡಪ್ಪಾ, ಮುಂದಿನ ಭಾನುವಾರ ನಿಲ್ಲದೆ ಕುಮಳಿ ಸೇರಬೇಕು. ಇಲ್ಲಾಂದ್ರೆ ಮಧುರೆ ದಲ್ಲಾಳಿ ಇದನ್ನ ತಗೊಂಡು ಜೀಪು ಕೊಡ್ತಾನೆ. ಜೀಪು ಓಡಿಸಕ್ಕೆ ನನ್ನ ಭಾವಮೈದ ಇದಾನೆ."

"ನಾನು, ಮೊದಲಾಳಿ?" ಆಂಡಿ ಧಣಿಯ ಕಡೆ ತಿರುಗಿದ.

"ನಿನಗೆ ಲಾರಿ ಇದ್ದೇ ಇದೆಯಲ್ಲ."

ಲಾರಿ ಎಂದರೆ ಏನೆಂದು ಆಂಡಿಗೆ ಗೊತ್ತಿತ್ತು. ಕೊಚ್ಚಿಗೆ ಲಾರಿ ಓಡಿಸಿದ ವರ್ಷಗಳಲ್ಲಿ ಅವನು ತಾಯಿ ಓಚ್ಚಮ್ಮಾಳ್ ಮುಖ ನೋಡುತ್ತಿದ್ದದ್ದು ಪೊಂಗಲ್ ಹಬ್ಬಕ್ಕೆ ಮಾತ್ರ. ಈ ಕಾರು ಸಿಕ್ಕಿದ ಮೇಲೆ ದಿನಾ ಸಂಜೆ ಮನೆಯ ಕೂಳು ಉಣ್ಣುತ್ತಿದ್ದ.

ಮಧುರೆಯ ಹಳೆ ಸಾಮಾನಿನ ಸಂತೆಯಲ್ಲಿ ಅವನು ಒಂದು ಹಗಲೆಲ್ಲ ಅಲೆದ. ಪ್ಲಗ್ಗುಗಳನ್ನು ಒಂದೊಂದೇ ಬೆಳಕಿಗೆ ಹಿಡಿದು, ಬೇಗ ತಣಿಯುವ ಜಾತಿಯವನ್ನು ಆರಿಸಿಕೊಂಡ. ಕಾರ್ಬುರೇಟರಿಗೆ ಪೆಟ್ರೋಲ್ ಹೆಚ್ಚು ಬಿಡುವ, ಸ್ವಲ್ಪ ದೊಡ್ಡ ತೂತಿನ ಜೆಟ್ ಸಿಕ್ಕಿತು. ಎರಡೂ ಕೂತವು, ಎಂಜಿನ್ನಿನ ಸದ್ದು ತಿಳಿಯಾಯಿತು. ಇನ್ನು ಉಳಿದದ್ದು ಸೈಲೆನ್ಸರ್. ತುಕ್ಕು ಹಿಡಿದು ಒಳಗೆಲ್ಲ ಮಸಿ ಕಟ್ಟಿ ಹೊಗೆಗೆ ದಾರಿ ಬಿಡದ ಡಬ್ಬ.

ಬೇರೆ ಯಾರೇ ಆಗಿದ್ದರೂ ಅಂಥದೇ ಇನ್ನೊಂದು ಸೈಲೆನ್ಸರ್ ಹಾಕುತ್ತಿದ್ದರು. ಆಂಡಿ ಬೆಳೆದದ್ದು ತಂಬಿರಾನ್ ದನಗಳ ತೊಳುವಿನ ಪಕ್ಕ. ಕಂಬಂನ ಕನ್ನಡ ಮನೆಗಳವರು ದೇವರಿಗೆ ಬಿಟ್ಟ ದನಗಳ ಕೊಟ್ಟಿಗೆ ಅದು. ಅಲ್ಲಿನ ಪಟ್ಟದ ಹೋರಿಗೆ ನೊಗವಿಲ್ಲ, ಮೂಗುದಾರವಿಲ್ಲ. ಅದನ್ನು ಜನ ಆರಿಸುವುದೂ ಇಲ್ಲ. ಮಂದೆಯ ಮುಂದೆ ಕಬ್ಬಿಟ್ಟು ಕಾಯುತ್ತಾರೆ, ಮೊದಲು ಬಂದು ತಿಂದದ್ದೇ ಪಟ್ಟಕ್ಕೆ. ಶಿಳ್ಳೆ ಹಾಕುವ ಈ ಕಾರನ್ನು ಆಂಡಿ ಮನಸ್ಸಿನಲ್ಲಿ ಎಂದೋ ಆ ಮಂದೆಗೆ ಸೇರಿಸಿದ್ದ. ಅಂಥದರ ಉಸಿರಿಗೆ ಅಡ್ಡ ಇಡುವುದುಂಟೆ? ಸೈಲೆನ್ಸರ್ ಕಿತ್ತೆಸೆದು, ತೋಟದ ಪಂಪ್‌ಸೆಟ್ಟಿಗೆ ಹಾಕುವ ಅಗಲವಾದ ಪೈಪನ್ನು ನೇರವಾಗಿ ಬೆಸುಗೆ ಹಾಕಿಸಿದ.

ಕಂಬಂ ಪಕ್ಕದ ಗೂಡಲೂರು ದಾಟಿದ ಮೇಲೆ ಕಾಲು ಒತ್ತಿದ. ಶಿಳ್ಳೆ ಏರಿತು, ಎಂದೂ ಏರದಷ್ಟು ಏರಿತು. ಬೆನ್ನು ಸೀಟಿಗೆ ಅಂಟಿಕೊಂಡಿತು. ಗದ್ದೆ, ಕಾಲುವೆ, ಕೊಕ್ಕರೆಗಳೆಲ್ಲ ಬಿಳಿ ಹಸಿರು ಗೆರೆಯಾಗಿ ಹಿಂದಕ್ಕೆ ಹರಿದವು. ಮೊದಲ ತಿರುವು, ಎರಡನೆಯದು. ಕನಸಿನ ದಾರಿಯೇ ಇದು ಎಂದುಕೊಂಡ. ಅಷ್ಟರಲ್ಲಿ ಎಂಜಿನ್ನಿನಿಂದ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು ಬಂತು. ಕಾಲು ತೆಗೆದ, ಸದ್ದು ನಿಂತಿತು. ಮತ್ತೆ ಒತ್ತಿದ, ಮತ್ತೆ ಕಲ್ಲು. ಹೊಗೆ ಸರಾಗವಾಗಿ ನುಗ್ಗಿದ್ದಕ್ಕೆ ತಿದಿಯ ಚಕ್ರಕ್ಕೆ ಹುಚ್ಚು ಹಿಡಿದಿತ್ತು. ನಮ್ಮೂರ ತೆಳು ಪೆಟ್ರೋಲು ತಡೆಯಲಾರದಷ್ಟು ಗಾಳಿ ಒಳಗೆ ಬೀಳುತ್ತಿತ್ತು. ಹೀಗೇ ಘಾಟಿ ಹತ್ತಿಸಿದರೆ ಪಿಸ್ಟನ್ ಕರಗಿ ತೂತು ಬೀಳುತ್ತದೆ. ಪೈಪಿನ ಬಾಯಿಯನ್ನು ಸ್ವಲ್ಪ ಕಟ್ಟಿದರೆ ಕಲ್ಲಿನ ಸದ್ದು ಹೋಗುತ್ತದೆಂದು ಅವನಿಗೆ ಆಗಲೇ ತಿಳಿದಿತ್ತು. ಕಟ್ಟಲು ಮನಸ್ಸು ಬರಲಿಲ್ಲ.

ಸಂಜೆ ತೊಳುವಿನ ಮುಂದೆ ಕಲ್ಲಿನ ಮೇಲೆ ಕೂತಿದ್ದ. ಓಚ್ಚಮ್ಮಾಳ್ ಒಳಗೆ ಸೆಗಣಿ ಬಾಚುತ್ತಿದ್ದಳು.

"ಏಲೇ, ಯಾಕೆ ಮೋರೆ ಹಂಗೆ? ವಂಡಿ ಒದೀತಾ?"

"ಅದಕ್ಕೆ ಮೂಗುದಾರ ಹಾಕಬೇಕಂತೆ ಅವ್ವಾ. ನಾನು ಹಾಕಲ್ಲ."

"ಹಾಕಬ್ಯಾಡ. ಯಾರು ಹಾಕು ಅಂದ್ರು?" ಆಕೆ ಪೊರಕೆ ಒರಗಿಸಿ ಬಾಗಿಲಿಗೆ ಬಂದು ನಿಂತಳು.

ದನಗಳು ಮೇವಿನಿಂದ ಮರಳುತ್ತಿದ್ದವು. ಬೆಟ್ಟದ ನೆರಳು ಬೀದಿಯವರೆಗೆ ಚಾಚಿತ್ತು. ಧೂಳು ಬಂಗಾರದ ಹಾಗೆ ತೇಲುತ್ತಿತ್ತು. ಎಲ್ಲದರ ಮುಂದೆ ಪಟ್ಟದ ಹೋರಿ ಓಡಿಬಂತು. ಬಾಗಿಲ ಎರಡು ಕಲ್ಲುಕಂಬಗಳ ಹತ್ತಿರ ಬಂದದ್ದೇ ಹೆಜ್ಜೆ ಸಣ್ಣದಾಯಿತು. ಹೆಗಲು ಕುಗ್ಗಿಸಿ ನಿಧಾನವಾಗಿ ಒಳಗೆ ನಡೆಯಿತು. ಹಿಂದಿನವೂ ಒಂದೊಂದಾಗಿ ನಡೆದವು.

"ಬಾಗಿಲು ಅಗಲ ಮಾಡಿ ಅಂತ ಹೊಸಬರು ಹೇಳ್ತಾರೆ" ಎಂದಳು ಓಚ್ಚಮ್ಮಾಳ್. "ಅಗಲ ಮಾಡಿದ್ರೆ ಎಲ್ಲಾ ಒಟ್ಟಿಗೆ ನುಗ್ಗಿ ಕರುಗಳನ್ನ ತುಳೀತವೆ. ಪಟ್ಟದ ಹೋರಿಯೇ ಆದರೂ ಮನೆ ಬಾಗಿಲಲ್ಲಿ ಮೈ ಕುಗ್ಗಿಸ್ತದೆ. ಅದಕ್ಕೇನು ಮರ್ಯಾದೆ ಹೋಯ್ತಾ?"

ಆಂಡಿ ಕಂಬಗಳನ್ನೇ ನೋಡುತ್ತಿದ್ದ. ದನವೆಲ್ಲ ಒಳಗಾದ ಮೇಲೂ ನೋಡುತ್ತಿದ್ದ.

ಮರುದಿನ ಬಸ್ಸು ಹತ್ತಿ ದಿಂಡುಕಲ್ಲಿಗೆ ಹೋದ. ಲಾರಿಯ ಕಾಲದ ಗೆಳೆಯ ವೇಲು ಅಲ್ಲಿ ಬೀಗ ಮಾಡುತ್ತಿದ್ದ. ಪೈಪಿನ ಬಾಯಿಗೆ ಕೂರುವಂತೆ, ಒಳಗಿನ ತೂತು ಬೇರೆ ಬೇರೆ ಅಳತೆಯ ಮೂರು ಕಬ್ಬಿಣದ ಬಳೆ ಬೇಕೆಂದು ಆಂಡಿ ಕೇಳಿದ. ವೇಲು ಅರ ಕೆಳಗಿಟ್ಟು ನಕ್ಕು, ಹಳೆಯ ಸಲುಗೆಯಲ್ಲಿ ಅಳಿಯನೆಂದು ಕರೆದು ತಮಿಳಿನಲ್ಲಿ ಕೇಳಿದ.

"ಮಾಪ್ಳೆ, ಇಲ್ಲಿ ಮಾಡೋದು ಬೀಗ, ಬಳೆಯಲ್ಲ. ಯಾರ ಕೈಗೆ? ನನಗೆ ಹೇಳದೆ ಹೆಣ್ಣು ನೋಡಿದೆಯಾ?"

"ಹೊಗೆಗೆ, ಮಾಮಾ."

"ಹೊಗೆಗೆ ಬೀಗ ಕೇಳಿದ ಗಿರಾಕಿ ನೀನೇ ಮೊದಲು. ಕೀಲಿಯೂ ಬೇಕಾ?"

ಆದರೂ ಊಟಕ್ಕೆ ಮೊದಲೇ ಕಡೆದು ಕೊಟ್ಟ. ಅರದ ಗುರುತು ಕೂಡ ಕಾಣದಷ್ಟು ನಯವಾಗಿದ್ದವು.

ಶನಿವಾರ ಆಂಡಿ ಮೂರನ್ನೂ ರಸ್ತೆಯ ಪಕ್ಕ ಬಟ್ಟೆಯ ಮೇಲೆ ಸಾಲಾಗಿ ಇಟ್ಟ, ಮಂದೆಯ ಮುಂದೆ ಕಬ್ಬಿಟ್ಟ ಹಾಗೆ. ಆರಿಸುವುದು ತಾನಲ್ಲ ಎಂದು ಮೊದಲೇ ತೀರ್ಮಾನಿಸಿದ್ದ. ಅಗಲ ತೂತಿನ ಬಳೆ ಹಾಕಿ ಏರಿಸಿದ. ಎರಡನೆಯ ತಿರುವಿನಲ್ಲಿ ಕಲ್ಲಿನ ಸದ್ದು. ಕಿರಿದಾದದ್ದು ಹಾಕಿದ, ಹಳೆಯ ಉಬ್ಬಸ ಮರಳಿತು. ನಡುವಿನದು ಹಾಕಿದಾಗ ಶಿಳ್ಳೆ ಎದ್ದು, ಒಂದು ಎತ್ತರಕ್ಕೆ ಬಂದು, ಅಲ್ಲೇ ತೂಗಿಕೊಂಡು ನಿಂತಿತು. ಮೊದಲ ದಿನದ ಆ ಹುಚ್ಚು ಏರಿಕೆ ಇನ್ನು ಕೇಳಿಸುವುದಿಲ್ಲವೆಂದು ಅವನಿಗೆ ತಿಳಿಯಿತು. ಸ್ವಲ್ಪ ಹೊತ್ತು ಕಾರಿಗೆ ಒರಗಿ ನಿಂತು, ಉಳಿದೆರಡು ಬಳೆಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟ.

ಭಾನುವಾರ ತಂಗರಾಜ್ ಹಿಂದಿನ ಸೀಟಿನಲ್ಲಿ ಬಾಗಿಲಿನ ಹಿಡಿ ಹಿಡಿದು ಕೂತರು. ಪೆರಿಯಾರ್ ನೀರಿನ ದೊಡ್ಡ ಪೈಪುಗಳು ಬೆಟ್ಟದಿಂದ ಇಳಿಯುವ ಜಾಗ ದಾಟಿತು. ಕಾರು ಎಂದಿನಂತೆ ನಿಲ್ಲುತ್ತಿದ್ದ ತಿರುವು ಬಂತು. ತಿರುವು ಹಿಂದೆ ಸರಿಯಿತು. ಮಂಜು ಕಿಟಕಿಯಿಂದ ಒಳಗೆ ಬಂದು ಹೋಯಿತು. ಏಲಕ್ಕಿಯ ವಾಸನೆ ಬಂದಾಗ ತಂಗರಾಜ್ ಹಿಡಿ ಬಿಟ್ಟರು.

"ಕುಮಳಿ ಬಂತಾ?"

"ಬಂತು, ಮೊದಲಾಳಿ."

"ಜೀಪು ಯಾವುದೂ ಮುಂದೆ ಹೋಗಲಿಲ್ಲ?"

"ಎರಡು ಹಿಂದೆ ಬರ್ತಾ ಇವೆ."

ತಂಗರಾಜ್ ಮೀಸೆಯ ಮೇಲೆ ಕೈ ಆಡಿಸಿ ತಮಿಳಿಗೆ ತಿರುಗಿದರು. ಮಂಗಳವಾರ ಪಳನಿಗೆ ಹೋಗಬೇಕು, ಬೆಳಿಗ್ಗೆ ಬೇಗ ಬಾ ಎಂದರು.

ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸು ಹೋದ ಮೇಲೆ ಆಂಡಿ ಹಿಂದಿನ ಮುಚ್ಚಳ ಎತ್ತಿ ಎಂಜಿನ್ ಮೇಲೆ ಅಂಗೈ ಇಟ್ಟ, ಎಣ್ಣೆ ನೋಡಿದ, ಕೀಲಿ ತಿರುಗಿಸಿದ.