ಮುನಿತಾಯಮ್ಮ ಟೇಬಲ್ ಮೇಲೆ ಮಲಗಿದ್ದು

ಬೆಂಗಳೂರು ಸೀಮೆಯ ವಿಜಯಪುರದ ಪಕ್ಕದ ಹಳ್ಳಿಯಲ್ಲಿ ಮೂವತ್ತು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದ ಮುನಿತಾಯಮ್ಮನ ಕೈಗುಣ ಒಳ್ಳೆಯದು, ಬಾಯಿ ಮಾತ್ರ ಜೋರು. ನೋವು ತಿನ್ನುತ್ತಿರುವ ಹೆಣ್ಣು ಕೂಗಿಕೊಂಡರೆ, "ಊರೆಲ್ಲ ಹೆತ್ತೈತೆ, ನಿಂದೇನು ಹೆಚ್ಚು? ಅಲ್ಲಾಡ್ದೆ ಮಲಿಕ್ಕೊ" ಎಂದು ಗದರಿಸುವಳು.

೧೯೬೮ರಲ್ಲಿ ಅವಳಿಗೆ ಮೂತ್ರದಲ್ಲಿ ರಕ್ತ ಕಾಣಿಸಿತು. ನೋವಿಲ್ಲವೆಂದು ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಗೊತ್ತಾದ ದಿನವೇ ಗಂಡ ವೆಂಕಟರಾಯಪ್ಪ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದ. ಮೂತ್ರಕೋಶದಲ್ಲಿ ಕ್ಯಾನ್ಸರ್ ಗಂಟು ಬೆಳೆದಿತ್ತು. ಹೊಟ್ಟೆ ಕೊಯ್ಯದೆ, ಕೊಳವೆ ಹಾಕಿ ಒಳಗಿಂದಲೇ ಕತ್ತರಿಸಿ ತೆಗೆದರು. ಮನೆಗೆ ಕಳಿಸುವಾಗ ಡಾಕ್ಟರ್ ಲಕ್ಷ್ಮಯ್ಯ, "ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕಮ್ಮ" ಎಂದರು.

"ವಾಸಿ ಆಯ್ತಲ್ಲ ಸಾಮಿ, ಇನ್ನೇನ್ ನೋಡ್ತೀರ?"

"ಇದು ತಿರುಗಿ ಬರೋ ಕಾಯಿಲೆ. ಚಿಕ್ಕದಾಗಿದ್ದಾಗಲೇ ಕಂಡರೆ ತೆಗೆಯೋದು ಸುಲಭ."

ಮೊದಲ ತಪಾಸಣೆಯ ದಿನ ಅವಳನ್ನು ಟೇಬಲ್ ಮೇಲೆ ಮಲಗಿಸಿ ಕಾಲೆರಡನ್ನೂ ಮೇಲಕ್ಕೆ ಕಟ್ಟಿದರು. ಎಂಥ ಹೆರಿಗೆಗೂ ಹೆದರದವಳ ತೊಡೆ ಗಡಗಡ ನಡುಗತೊಡಗಿತು. ನರ್ಸು, "ಅಲ್ಲಾಡ್ದೆ ಮಲಗಮ್ಮ, ನಿಂದೇನು ಹೆಚ್ಚು?" ಎಂದಳು. ಮುನಿತಾಯಮ್ಮನಿಗೆ ಯಾರೋ ತನ್ನ ಬಾಯನ್ನೇ ಕಿತ್ತುಕೊಂಡು ಮಾತಾಡಿದಂತಾಯಿತು. ಆಮೇಲೆ ಡಾಕ್ಟರನ್ನು ಕರೆದು, "ಸಾಮಿ, ಏನ್ ಮಾಡಿದ್ರೂ ಮೊದ್ಲು ಬಾಯಲ್ಲಿ ಹೇಳ್ಬಿಟ್ಟು ಮಾಡಿ. ತಡ್ಕೊತೀನಿ" ಎಂದಳು.

ಡಾಕ್ಟರು ನಕ್ಕು ಒಪ್ಪಿದರು. "ಈಗ ತಣ್ಣಗಾಗುತ್ತೆ, ಅದು ಮದ್ದು. ಈಗ ಕೊಳವೆ. ತುದೀಲಿ ಸಣ್ಣ ಬಲ್ಬಿದೆ. ಈಗ ನೀರು ಬಿಡ್ತೀನಿ, ಒಂದಕ್ಕೆ ಹೋಗೋಹಂಗಾಗುತ್ತೆ." ಹೇಳಿದ್ದೆಲ್ಲ ಹೇಳಿದ ಹಾಗೇ ಆಯಿತು. ಉರಿಯಿತು ನಿಜ, ಆದರೆ ನಡುಕ ನಿಂತಿತ್ತು.

ಮೂರನೆಯ ಸಲ ಒಳಗೆ ಕೆಂಪು ಮಚ್ಚೆಯೊಂದು ಕಂಡಿತು. ಚೂರು ಚಿವುಟಿ ಸೀಸೆಗೆ ಹಾಕಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಹತ್ತು ದಿನ. ವೆಂಕಟರಾಯಪ್ಪ ಊಟ ಬಿಟ್ಟು ಸೊರಗಿದ. ಮುನಿತಾಯಮ್ಮನಿಗೆ ಅದಕ್ಕೂ ಪುರುಸೊತ್ತಾಗಲಿಲ್ಲ. ಆರನೆಯ ದಿನ ಆದಿಲಕ್ಷ್ಮಮ್ಮನ ಮಗಳು ಪಾಪಮ್ಮನಿಗೆ ಚೊಚ್ಚಲ ನೋವು ಶುರುವಾಯಿತು.

"ಈಗ ಹೊಟ್ಟೆ ಮೇಲೆ ಕೈ ಇಡ್ತೀನಿ ಕಣವ್ವ. ಈಗ ಸ್ವಲ್ಪ ಒತ್ತುತೀನಿ, ನೋವಾದ್ರೆ ಕೂಗ್ಕೊ" ಎಂದಳು ಮುನಿತಾಯಮ್ಮ.

ಆದಿಲಕ್ಷ್ಮಮ್ಮ ಗಾಬರಿಯಾಗಿ ಹೊರಗೆ ಕರೆದಳು. "ಏನಕ್ಕ, ನನ್ ಮಗಳಿಗೇನಾರ ಕಷ್ಟ ಐತಾ? ಯಾವತ್ತೂ ಇಷ್ಟು ಮೆತ್ತಗೆ ಮಾತಾಡ್ದೋಳಲ್ಲ ನೀನು."

"ನಿನ್ ಮಗಳು ಗುಂಡುಕಲ್ಲಂಗವ್ಳೆ. ನೀನು ಬಿಸಿನೀರ್ ಕಾಯ್ಸೋಗು."

ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು.

ಹತ್ತನೆಯ ದಿನ ಡಾಕ್ಟರು ಕಾಗದ ಬಿಡಿಸಿ, "ಬರೀ ಹಳೇ ಗಾಯದ ಕೆಂಪು. ಕ್ಯಾನ್ಸರ್ ಇಲ್ಲ" ಎಂದರು. ವೆಂಕಟರಾಯಪ್ಪ ಇನ್ನೊಂದು ಸಲ ಹೇಳಿಸಿಕೊಂಡ. ಹೊರಗೆ ಬಂದವನೇ ಹೋಟೆಲಿಗೆ ನುಗ್ಗಿ ಎರಡು ಮಸಾಲೆ ದೋಸೆ ತಿಂದು, ಹೆಂಡತಿಯ ತಟ್ಟೆಯ ಅರ್ಧವನ್ನೂ ಮುಗಿಸಿದ. ಹತ್ತು ದಿನದ ಹಸಿವು ಎಂದು ಅವಳು ಉಳಿದರ್ಧವನ್ನೂ ಅವನ ಕಡೆಗೇ ತಳ್ಳಿದಳು.

ಮುಂದೆ ಒಂದು ಸಲ ಕಡಲೆಕಾಳಿನಷ್ಟು ಗಂಟು ಕಂಡಿತು. ಅಲ್ಲೇ ಸುಟ್ಟು ತೆಗೆದು ಎರಡು ದಿನಕ್ಕೆ ಮನೆಗೆ ಕಳಿಸಿದರು. ಆಮೇಲೆ ಏನೂ ಕಾಣಲಿಲ್ಲ. ಮೂರು ತಿಂಗಳಿಗೊಮ್ಮೆ ಇದ್ದ ತಪಾಸಣೆ ಆರು ತಿಂಗಳಿಗೊಮ್ಮೆ ಆಯಿತು.

೧೯೭೪ರ ಶ್ರಾವಣದಲ್ಲಿ ನೋಡಿ ಮುಗಿಸಿದ ಡಾಕ್ಟರು, "ಎಲ್ಲ ಚೆನ್ನಾಗಿದೆ. ಇನ್ನು ಫೆಬ್ರವರಿಗೆ ಬನ್ನಿ" ಎಂದರು.

ಮುನಿತಾಯಮ್ಮ ಬೆರಳು ಮಡಿಸಿ ಎಣಿಸಿದಳು. "ಆಗಲ್ಲ ಸಾಮಿ. ಹೋದ ವೈಶಾಖದಲ್ಲಿ ನಮ್ಮೂರಲ್ಲಿ ನಾಲ್ಕು ಮದ್ವೆ ಆಗವೆ. ಫೆಬ್ರವರಿ ಅಂದ್ರೆ ಮಾಘ, ಆಗ ನಂಗೆ ಬಿಡುವಿರಲ್ಲ."

ಡಾಕ್ಟರು ಅವಳ ಹಳೆಯ ಚೀಟಿಗಳನ್ನೆಲ್ಲ ತಿರುವಿ ನೋಡಿದರು. "ಆ ಸಣ್ಣ ಗಂಟು ತೆಗೆದ ಮೇಲೆ ಇಷ್ಟು ವರ್ಷ ಏನೂ ಬಂದಿಲ್ಲ. ಸರಿ, ಇನ್ಮೇಲೆ ವರ್ಷಕ್ಕೊಂದು ಸಲ ಸಾಕು. ಬರೋ ಶ್ರಾವಣಕ್ಕೆ ತಪ್ಪಿಸಬೇಡಿ."

ಮಾಘದಲ್ಲಿ ಮೂರು ಮಕ್ಕಳು ಹುಟ್ಟಿದವು. ನಾಲ್ಕನೆಯ ಹೆರಿಗೆ ಫಾಲ್ಗುಣಕ್ಕೆ ಮುಂದೆ ಹೋಯಿತು.