ಕಾಕಾ ಒರೆಸಬೇಕಿದ್ದ ಗೀಟು

ಹಳೆಯ ಸ್ಕೂಟರ್ ಮಾರಿಬಿಡೋಣವೆಂದು ಹೋದ ಭಾನುವಾರ ಅದರ ಡಿಕ್ಕಿ ಖಾಲಿ ಮಾಡುತ್ತ ಕೂತಿದ್ದೆ. ಹರಿದ ರೇನ್‌ಕೋಟು, ಯಾರದೋ ಲಗ್ನಪತ್ರಿಕೆ, ನಟ್ಟು ಬಿಗಿಯುವ, ತುಕ್ಕು ಹಿಡಿದ ಒಂದು ಪಾನಾ... ಎಲ್ಲಕ್ಕಿಂತ ಕೆಳಗೆ, ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿದ ಒಂದು ಸಣ್ಣ ಪೊಟ್ಟಣ. ಬಿಚ್ಚಿದರೆ ನಾಲ್ಕು ಸೀಮೆಸುಣ್ಣದ ಕಡ್ಡಿ. ನಮ್ಮ ಕಡೆ ಇದಕ್ಕೆ ಖಡು ಅನ್ನುತ್ತೇವೆ. ನಾಲ್ಕೂ ಹೊಸವು, ತುದಿ ಕೂಡ ಸವೆದಿರಲಿಲ್ಲ. ಪೆಟ್ರೋಲಿನ ವಾಸನೆ ಮಾತ್ರ ಚೆನ್ನಾಗಿ ಹೀರಿಕೊಂಡಿದ್ದವು. ಮೂಗಿಗೆ ಹಿಡಿದೆ, ಅಷ್ಟೇ. ಅಂಗಳದಲ್ಲೇ ಅಳು ಬಂದುಬಿಟ್ಟಿತು.

ನಾನು ಶಾಲೆಯ ಟೀಚರು. ಇಪ್ಪತ್ತು ವರ್ಷದ ಮೇಲಾಯಿತು, ಖಡು ಹಿಡಿದೇ ಅನ್ನ ತಿನ್ನುತ್ತಿದ್ದೇನೆ. ಖಡು ನೋಡಿ ಅಳುವ ಟೀಚರನ್ನು ಯಾರಾದರೂ ಕಂಡಿದ್ದಾರೆಯೇ? ಆದರೆ ಈ ನಾಲ್ಕು ಕಡ್ಡಿ ಶಾಲೆಗಾಗಿ ಇಟ್ಟಿದ್ದಲ್ಲ. ಒಬ್ಬರು ಬಾಯಿಬಿಟ್ಟು ಕೇಳಿದ್ದರು. ಕೊಡಲು ನಾನು ಹೋಗಲೇ ಇಲ್ಲ. ಈ ಶ್ರಾವಣದಲ್ಲಿ ಅವರು ತೀರಿಕೊಂಡರು.

ಯರಗುಪ್ಪಿಯ ಬಸ್ ನಿಲ್ದಾಣದ ಬಾಜು ಬೇವಿನ ಗಿಡದ ಕೆಳಗೆ ಅವರ ಗ್ಯಾರೇಜು ಇತ್ತು. ಬೋರ್ಡಿಲ್ಲ, ಬಣ್ಣವಿಲ್ಲ, ಮುಂದೆ ತಗಡಿನ ಚಪ್ಪರ, ನಡುವೆ ಶಟರಿನ ಒಂದು ಕೋಣೆ, ಹಿಂದೆ ಮನೆ. ಊರಿಗೂರೇ ಅವರನ್ನು ಗ್ಯಾರೇಜ್ ಕಾಕಾ ಅನ್ನುತ್ತಿತ್ತು. ನಾನು ಮದುವೆಯಾಗಿ ಈ ಊರಿಗೆ ಬಂದಾಗಲೇ ಅವರ ತಲೆ ಅರ್ಧ ನರೆತಿತ್ತು. ಕೈಯೆಲ್ಲ ಗ್ರೀಸು, ಹಣೆಯ ಮೇಲೆ ವಿಭೂತಿ. ಆ ವಿಭೂತಿಗೆ ಒಂದು ದಿನವೂ ಗ್ರೀಸು ಹತ್ತಿದ್ದನ್ನು ನಾನು ಕಾಣೆ. ಬೆವರನ್ನು ಮೊಣಕೈಯಿಂದ ಒರೆಸಿಕೊಳ್ಳುತ್ತಿದ್ದರು.

ಗ್ಯಾರೇಜು ಚೆನ್ನಾಗಿ ದುಡಿಯುತ್ತಿತ್ತು. ಬೈಕು, ಸ್ಕೂಟರು, ಟಂಟಂ ರಿಕ್ಷಾ, ಬೆಳಿಗ್ಗೆ ಏಳಕ್ಕೇ ಸಾಲು. ಕುಬಿಹಾಳದಿಂದ ಬರುತ್ತಿದ್ದರು, ಕುಂದಗೋಳದಿಂದಲೂ ಬರುತ್ತಿದ್ದರು. ಕುಂದಗೋಳದಲ್ಲಿ ಗ್ಯಾರೇಜಿಗೇನು ಬರವೇ? ಮನೆಗೆ ಸ್ಲ್ಯಾಬ್ ಹಾಕಿಸಿದ್ದು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದು, ಎಲ್ಲ ಪಾನಾ ಪಕ್ಕಡದ ಗಳಿಕೆ. ಸೊಸೈಟಿಯಲ್ಲಿ ಗುಮಾಸ್ತರಾಗಿದ್ದ ನಮ್ಮನೆಯವರು, "ನಮ್ಮಿಬ್ಬರ ಪಗಾರ ಕೂಡಿಸಿದ್ರೂ ಕಾಕಾನ ಸಮ ಆಗೂದಿಲ್ಲ ಬಿಡು" ಎಂದು ನಗುತ್ತಿದ್ದರು.

ಆ ಲಾಭಕ್ಕೆ ಗುಟ್ಟೇನೂ ಇರಲಿಲ್ಲ. ಬೇಡದ ಸಾಮಾನು ಯಾರ ಗಾಡಿಗೂ ಹಾಕುತ್ತಿರಲಿಲ್ಲ. "ಇನ್ನ ಆರು ತಿಂಗಳ ನಡೀತೈತ್ರಿ ಇದು, ಸುಮ್ನ ಯಾಕ ಬದಲಿ ಮಾಡಸ್ತೀರಿ?" ಎಂದು ಗಿರಾಕಿಗೇ ಗದರುತ್ತಿದ್ದರು. ಬಿಚ್ಚಿದ ಹಳೆಯ ಭಾಗವನ್ನು ಕಾಗದದಲ್ಲಿ ಕಟ್ಟಿ ಕೈಗೆ ಕೊಡುತ್ತಿದ್ದರು. ಒಬ್ಬರೇ ಕೆಲಸ ಮಾಡುತ್ತಿದ್ದರು, ಆದಷ್ಟೇ ಹಿಡಿಯುತ್ತಿದ್ದರು. ಹುಬ್ಬಳ್ಳಿಯ ಯಾರೋ ಬಂದು ಇನ್ನೂ ಎರಡು ಕಡೆ ಗ್ಯಾರೇಜು ತೆರೆಯೋಣ ಅಂದಾಗ, ತಮ್ಮ ಎರಡು ಕೈ ಎತ್ತಿ ತೋರಿಸಿ ಕಳಿಸಿದ್ದರಂತೆ.

ಎಲ್ಲಕ್ಕಿಂತ ಹೆಚ್ಚಾಗಿ ಆ ಗೀಟು.

ಗಾಡಿ ಕೈಗೆ ಬಂದ ಕೂಡಲೇ ಮುಂದಿನ ಮಡ್‌ಗಾರ್ಡಿನ ಮೇಲೆ ಕತ್ತರಿಯ ಹಾಗೆ ಎರಡು ಗೀಟು ಎಳೆಯುತ್ತಿದ್ದರು. ಕೆಲಸ ಮುಗಿದರೂ ಅದನ್ನು ಒರೆಸುತ್ತಿರಲಿಲ್ಲ. ತಾವೇ ಗಾಡಿ ಹತ್ತಿ ಹಳ್ಳದ ಸೇತುವೆಯವರೆಗೆ ಓಡಿಸಿ, ತಿರುಗಿ ಬಂದು, ಮತ್ತೊಮ್ಮೆ ಎಲ್ಲ ನಟ್ಟುಗಳಿಗೆ ಪಾನಾ ಹಚ್ಚಿ ಬಿಗಿ ಮಾಡಿ, ಆಮೇಲೆ ಅಂಗೈಯಿಂದ ಆ ಗೀಟು ಒರೆಸುತ್ತಿದ್ದರು. ಒರೆಸಿದ ಗಾಡಿಯನ್ನು ಬೇವಿನ ಗಿಡದ ಆಚೆ ನಿಲ್ಲಿಸಿ ಚಾವಿ ಅದರಲ್ಲೇ ಬಿಡುತ್ತಿದ್ದರು. ಬಂದವರು ತಗೊಂಡು ಹೋಗಬಹುದು. ಗೀಟಿದ್ದ ಗಾಡಿಯನ್ನು ಮಾತ್ರ ಮುಟ್ಟುವಂತಿಲ್ಲ. ಊರಿನ ದೊಡ್ಡ ದೊಡ್ಡ ಹಿರಿಯರು ಬಂದು ಅವಸರ ಮಾಡಿದರೂ ಒಂದೇ ಮಾತು, "ಕೂಡ್ರಿ. ಗೀಟು ಇನ್ನೂ ಹೋಗಿಲ್ಲ."

ಮೊದಲೆಲ್ಲ ಇಟ್ಟಿಗೆ ಚೂರಿನಿಂದ ಗೀಚುತ್ತಿದ್ದರು. ನನ್ನ ಹೊಸ ಸ್ಕೂಟರಿನ ಬಣ್ಣ ಕೆರೆದು ಹೋದೀತೆಂದು ನಾನೇ ಶಾಲೆಯಿಂದ ಒಂದಿಷ್ಟು ತುಂಡು ಖಡು ತಂದುಕೊಟ್ಟೆ. ಅವತ್ತು ಅವರು ಪಟ್ಟ ಸಂತೋಷವನ್ನು ಏನು ಹೇಳಲಿ! "ಅಕ್ಕಾರ, ನಮ್ಮ ಗ್ಯಾರೇಜಿಗೂ ಸಾಲಿ ಬಂತು ನೋಡ್ರಿ" ಎಂದು ಹೋಗಿ ಬರುವವರಿಗೆಲ್ಲ ತೋರಿಸಿದ್ದರು. ನಮ್ಮ ಕಡೆ ಶಾಲೆಯನ್ನು ಸಾಲಿ, ಹೆಣ್ಣು ಟೀಚರುಗಳನ್ನು ಅಕ್ಕಾರ ಅಂತಲೇ ಕರೆಯುವುದು. ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ನನ್ನ ಪರ್ಸಿನ ತುಂಡುಗಳೆಲ್ಲ ಕಾಕಾನ ಡಬ್ಬಿಗೆ ಹೋಗುತ್ತಿದ್ದವು.

ಎಂಟು ವರ್ಷದ ಹಿಂದಿನ ಮಾತು. ಅವತ್ತು ಶನಿವಾರ. ಹಿಂದಿನ ಬ್ರೇಕು ಸಡಿಲಾಗಿದೆ ಎಂದು ಬೆಳಿಗ್ಗೆ ಸ್ಕೂಟರ್ ಬಿಟ್ಟು, ಕುಬಿಹಾಳದ ಶಾಲೆಗೆ ಬಸ್ಸಿನಲ್ಲಿ ಹೋಗಿದ್ದೆ. ಮಧ್ಯಾಹ್ನ ನಮ್ಮ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹೂರಣ ರುಬ್ಬುವುದು ನನ್ನ ಪಾಲಿಗಿತ್ತು. ನಮ್ಮತ್ತೆಯ ಬಾಯಿ ಊರಿಗೇ ಗೊತ್ತು. ಬಸ್ಸು ತಡವಾಗಿ ಬಂತು. ಗ್ಯಾರೇಜಿಗೆ ಓಡಿದರೆ ಕಾಕಾ ಇಲ್ಲ. ಹಿಂದಿನ ಮನೆಯಿಂದ ಅವರ ಹೆಂಡತಿಯ ದನಿ ಕೇಳಿತು. ಅವರನ್ನು ನಾವು ಕಾಕು ಅನ್ನುತ್ತಿದ್ದೆವು. "ಉಣ್ಣಾಕ ಕುಂತಾರ್ರಿ, ಹತ್ತ ನಿಮಿಷ ಕೂಡ್ರಿ" ಎಂದರು.

ಹತ್ತು ನಿಮಿಷ. ಆ ಹತ್ತು ನಿಮಿಷ ಕೂತಿದ್ದರೆ...

ಸ್ಕೂಟರ್ ಚಪ್ಪರದ ಕೆಳಗೇ ಇತ್ತು. ಚಾವಿ ಅದರಲ್ಲೇ. ಹೊಸ ಕೇಬಲ್ ಮಿಂಚುತ್ತಿತ್ತು, ಕೆಲಸ ಮುಗಿದಿದೆ ಅಂದುಕೊಂಡೆ. ಮಡ್‌ಗಾರ್ಡಿನ ಮೇಲೆ ಗೀಟು ಇತ್ತು. ಸುಳ್ಳು ಯಾಕೆ ಹೇಳಲಿ, ಸ್ಪಷ್ಟವಾಗಿ ಇತ್ತು, ನಾನೇ ಕೊಟ್ಟ ಖಡುವಿನ ಗೀಟು. ಹಾಗೇ ಒಯ್ದರೆ ದಾರಿಯಲ್ಲಿ ಹತ್ತು ಮಂದಿ, "ಅಕ್ಕಾರ, ಗೀಟಿದ್ದ ಗಾಡಿ ಕಾಕಾ ಹೆಂಗ ಬಿಟ್ರು?" ಎಂದು ಕೇಳುತ್ತಾರೆ. ಸೀರೆಯ ಸೆರಗಿನಿಂದ ಒರೆಸಿದೆ. ಗಾಡಿಯನ್ನು ಸದ್ದಿಲ್ಲದೆ ರಸ್ತೆಗೆ ತಳ್ಳಿಕೊಂಡು ಹೋಗಿ, ಅಲ್ಲಿ ಚಾಲೂ ಮಾಡಿದೆ.

ಮನೆ ಐದು ನಿಮಿಷದ ದಾರಿ, ಸಪಾಟು ಓಣಿ. ಏನೂ ಆಗಲಿಲ್ಲ. ಹೋಳಿಗೆ ಚೆನ್ನಾಗಿ ಆದವು, ಬಂದವರು ಹೊಗಳಿದರು, ಆ ಸಂಬಂಧ ಕೂಡಿತು ಕೂಡ. ಸಂಜೆ ಅವರೆಲ್ಲ ಹೋದ ಮೇಲೆ ನಮ್ಮನೆಯವರು ಅದೇ ಸ್ಕೂಟರ್ ತೆಗೆದುಕೊಂಡು ಹೊಲದ ಕಡೆ ಹೊರಟರು. ಹಳ್ಳದ ಸೇತುವೆಯ ಇಳಿಜಾರಿನಲ್ಲಿ ಹಿಂದಿನ ಬ್ರೇಕು ಹಿಡಿಯಲಿಲ್ಲ. ಮುಂದಿನದನ್ನು ಒತ್ತಿದಾಗ ಗಾಲಿ ಜಾರಿತು. ಸೇತುವೆಯ ಕಲ್ಲಿಗೆ ಬಡಿದು ಮೊಣಕಾಲಿನ ಕೆಳಗೆ ಎಲುಬು ಎರಡು ತುಂಡಾಯಿತು.

ಮೂರನೆಯ ದಿನ, ಹುಬ್ಬಳ್ಳಿಯ ಆಸ್ಪತ್ರೆಯಿಂದ ಬಟ್ಟೆ ಒಯ್ಯಲೆಂದು ನಾನು ಊರಿಗೆ ಬಂದಾಗ, ಮೈದುನ ನುಗ್ಗಾದ ಸ್ಕೂಟರನ್ನು ತಳ್ಳಿಕೊಂಡು ಗ್ಯಾರೇಜಿಗೆ ಹೊರಟ. ನನ್ನನ್ನೂ ಕರೆದ, ಅತ್ತೆಯೂ ಬಂದರು. ಆತ ಅಲ್ಲಿ ಆಡಿದ ಮಾತುಗಳನ್ನು ಬರೆಯಲು ನಾಚಿಕೆಯಾಗುತ್ತದೆ. ಜನ ಕೂಡಿದರು. ಕಾಕಾ ಗಾಡಿಯ ಹಿಂದೆ ಕೂತು ಬ್ರೇಕು ನೋಡಿದರು. ಕೇಬಲ್ಲಿನ ತುದಿಯ ನಟ್ಟು ಉದುರಿ ಹೋಗಿತ್ತು.

"ಇದಕ್ಕ ನಾ ಪಾನಾನ ಹಚ್ಚಿಲ್ಲ. ಕೈಲೆ ಅಷ್ಟ ತಿರಿವಿ ಇಟ್ಟಿದ್ದೆ, ಉಂಡು ಬಂದು ಬಿಗಿ ಮಾಡಿ ಟ್ರಾಯಲ್ ನೋಡಾವ ಇದ್ದೆ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಎದ್ದು ನನ್ನ ಕಡೆ ತಿರುಗಿದರು. ಆ ಕಣ್ಣಿನಲ್ಲಿ ನನ್ನ ಮೇಲೆ ಒಂದಿಷ್ಟಾದರೂ ಸಂಶಯ ಇದ್ದಿದ್ದರೆ ನನಗೆ ಈಗ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ.

"ಅಕ್ಕಾರ, ಗೀಟಿದ್ದ ಗಾಡಿ ನೀವು ಒಯ್ಯೂದಿಲ್ಲಂತ, ಉಂಡು ಬಂದಾಗ ಗಾಡಿ ಕಾಣದಿದ್ರೂ ನಾ ಸುಮ್ನಿದ್ದೆ. ನೀವು ಒಯ್ಯೂ ಮುಂದ ಗಾಡಿ ಮ್ಯಾಲೆ ಗೀಟು ಇತ್ತೇನ್ರಿ?"

ಬಾಜು ಅತ್ತೆ ನಿಂತಿದ್ದರು. ಮೈದುನ ನಿಂತಿದ್ದ. ಅರ್ಧ ಊರು ನಿಂತಿತ್ತು.

"ಇರಲಿಲ್ರಿ ಕಾಕಾ" ಎಂದೆ.

ಕಾಕಾ ತಮ್ಮ ಬಲಗೈ ತಿರುಗಿಸಿ ಅಂಗೈ ನೋಡಿಕೊಂಡರು. "ಹಂಗಾದ್ರ ನಾನ ಒರಿಸೇನಿ" ಎಂದರು. "ಒರಿಸಿದ್ದು ನೆನಪ ಇಲ್ಲ ನೋಡ್ರಿ ನನಗ."

ಮರುದಿನ ಬಾಳೆಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ನಮ್ಮನೆಯವರ ಹಾಸಿಗೆಯ ಕಾಲ ಕಡೆ ನಿಂತು ಕೈ ಮುಗಿದರು. ನಮ್ಮನೆಯವರು ಮೆದು ಮನಸ್ಸಿನವರು, "ಆಗೂದ ಆತು, ಬಿಡ್ರಿ ಕಾಕಾ" ಎಂದರು. ನಾನು ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದೆ.

ಗಿರಾಕಿ ಹೋಗಿ ಮುಚ್ಚಿದ ಗ್ಯಾರೇಜಲ್ಲ ಅದು. ಅದನ್ನು ಎಲ್ಲರೂ ತಿಳಿಯಬೇಕು. ಒಂದಿಷ್ಟು ದಿನ ಜನ ಮಾತಾಡಿದರು, ಆಮೇಲೆ ಮತ್ತೆ ಅದೇ ಸಾಲು ನಿಂತಿತು. ನಿಲ್ಲದೆ ಹೋದದ್ದು ಕಾಕಾನ ಧೈರ್ಯ. ಒಂದೇ ಗಾಡಿಯನ್ನು ಮೂರು ಸಲ ಸೇತುವೆಯವರೆಗೆ ಓಡಿಸುತ್ತಿದ್ದರಂತೆ. ಬಿಗಿದ ನಟ್ಟು ಮತ್ತೆ ಬಿಚ್ಚಿ ಮತ್ತೆ ಬಿಗಿಯುತ್ತಿದ್ದರಂತೆ. ಗೀಟು ಒರೆಸಲು ಕೈ ಎತ್ತಿ, ಹಾಗೇ ನಿಂತುಬಿಡುತ್ತಿದ್ದರಂತೆ. ಎರಡು ತಿಂಗಳಾದ ಮೇಲೆ ಒಂದು ಸೋಮವಾರ, ಐದು ಗಾಡಿ ಕಾಯುತ್ತಿದ್ದಾಗಲೇ, "ಬ್ಯಾರೆ ಕಡೆ ತೋರಸ್ರಿ" ಎಂದು ಎಲ್ಲರನ್ನೂ ಕಳಿಸಿ ಶಟರ್ ಎಳೆದರು. ಮತ್ತೆ ಅದು ಮೇಲೇಳಲಿಲ್ಲ.

ಹೇಳಲೇಬೇಕೆಂದು ಒಂದು ಸಲ ಹೋಗಿದ್ದೆ. ಗ್ಯಾರೇಜು ಮುಚ್ಚಿ ಒಂದು ವರ್ಷವಾಗಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಕಾಕು ಚಹಾ ಮಾಡಿದರು. ಕಾಕಾ ಮಗಳ ಮನೆಯ ಸುದ್ದಿ ಹೇಳಿದರು, ನಮ್ಮನೆಯವರ ಕಾಲು ಹೇಗಿದೆ ಎಂದು ಎರಡು ಸಲ ಕೇಳಿದರು. ಚಹಾ ಮುಗಿದ ಮೇಲೆ ಎದ್ದು ಒಳಗೆ ಹೋಗಿ ಗ್ಯಾಸಿನ ಗುಂಡಿ ತಿರುವಿ ನೋಡಿದರು. ಒಲೆಯ ಬಾಜು ಗೋಡೆಯ ಮೇಲೆ ಖಡುವಿನ ಕತ್ತರಿ ಗೀಟು ಇತ್ತು. ಅದನ್ನು ಅಂಗೈಯಿಂದ ಒರೆಸಿದರು. ಆಗ ಸುತ್ತ ನೋಡಿದೆ. ನಲ್ಲಿಯ ಮೇಲೆ ಗೀಟು, ಹಿತ್ತಲ ಬಾಗಿಲ ಮೇಲೆ ಗೀಟು, ನೀರಿನ ಮೋಟಾರಿನ ಸ್ವಿಚ್ಚಿನ ಬಾಜು ಗೀಟು.

ಕಾಕಾ ನಕ್ಕರು. "ಈ ಕೈ ನಂಬೂ ಹಂಗಿಲ್ರಿ ಅಕ್ಕಾರ. ಒಮ್ಮೆ ಕೈ ಕೊಟ್ಟೈತಿ. ಖಡು ತೀರಾಕ ಬಂದಾವು, ಮುಂದ ಬರೂ ಮುಂದ ಒಂದ ನಾಕ ತರ್ರಿ."

ತರ್ತೀನ್ರಿ ಎಂದೆ. ಅಷ್ಟೇ ಹೇಳಿದೆ. ಜೋಡಿಸಿಕೊಂಡು ಬಂದ ಮಾತು ಆಡದೆ ಎದ್ದು ಬಂದೆ.

ಮರುದಿನವೇ ಅಂಗಡಿಯಿಂದ ನಾಲ್ಕು ಹೊಸ ಖಡು ಕೊಂಡು ಡಿಕ್ಕಿಯಲ್ಲಿಟ್ಟೆ. ಖಡು ಕೊಡಲು ಹೋದರೆ ನಿಜವನ್ನೂ ಹೇಳಬೇಕಲ್ಲ. ನಾಳೆ, ನಾಡಿದ್ದು, ಶಾಲೆಗೆ ಸೂಟಿ ಬಂದಾಗ... ಆಮೇಲೆ ಬಸ್ ನಿಲ್ದಾಣದ ದಾರಿಯನ್ನೇ ಬಿಟ್ಟು ಕೆರೆಯ ಕಡೆಯಿಂದ ಸುತ್ತು ಹಾಕಿ ಶಾಲೆಗೆ ಹೋಗತೊಡಗಿದೆ. ಅತ್ತೆ ತೀರಿಹೋಗಿ ನಾಲ್ಕು ವರ್ಷವಾಯಿತು. ಇನ್ಯಾರ ಹೆದರಿಕೆ ಇತ್ತು ನನಗೆ? ಹೆದರಿಕೆಯಲ್ಲ ಅದು, ಹೇಡಿತನ. ಅದಕ್ಕೆ ಬೇರೆ ಹೆಸರಿಲ್ಲ.

ಈ ಶ್ರಾವಣದಲ್ಲಿ ಕಾಕಾನನ್ನು ಮಣ್ಣು ಮಾಡುವಾಗ ಹೋಗಿದ್ದೆ. ಸುತ್ತಿನ ಊರುಗಳಿಂದ ಜನ ಗಾಡಿಗಳ ಮೇಲೆ ಬಂದಿದ್ದರು. ಬೇವಿನ ಗಿಡದಿಂದ ಬಸ್ ನಿಲ್ದಾಣದವರೆಗೆ ಬರೀ ಗಾಡಿಗಳೇ ನಿಂತಿದ್ದವು. ಅವುಗಳಲ್ಲಿ ಎಷ್ಟಕ್ಕೆ ಆ ಕೈ ಹತ್ತಿತ್ತೋ ಯಾರಿಗೆ ಗೊತ್ತು. ನಾನು ಹಿಂದೆ ನಿಂತು ಕೈ ಮುಗಿದು ಬಂದೆ.

ಭಾನುವಾರ ಪೊಟ್ಟಣ ಸಿಕ್ಕ ಮೇಲೆ ಕೂರಲಾಗಲಿಲ್ಲ. ಅದನ್ನು ಹಿಡಿದುಕೊಂಡು ಕಾಕುವಿನ ಮನೆಗೆ ಹೋದೆ. ಗೋಡೆಯ ಮೇಲೆ, ಬಾಗಿಲ ಮೇಲೆ ಗೀಟುಗಳು ಹಾಗೇ ಇದ್ದವು. ಒರೆಸಲು ಮನಸ್ಸು ಬರುವುದಿಲ್ಲ ಎಂದರು ಕಾಕು. ನಿಂತಲ್ಲೇ ಎಲ್ಲ ಹೇಳಿದೆ, ಸೆರಗಿನಿಂದ ಒರೆಸಿದ್ದು, ಎಲ್ಲರೆದುರು ಸುಳ್ಳಾಡಿದ್ದು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಖಡುವಿನ ಪೊಟ್ಟಣ ಇಸಿದುಕೊಂಡು ಮಡಿಲಲ್ಲಿ ಇಟ್ಟುಕೊಂಡರು.

"ನನಗ ಹೇಳಿದ್ರಿ" ಎಂದರು. "ಅವರಿಗೆ ಈಗ ಯಾರು ಹೇಳ್ತಾರ್ರಿ?"

ಮನೆಗೆ ಬಂದು ನಮ್ಮನೆಯವರಿಗೂ ಹೇಳಿದೆ. ಅವರು ಇವತ್ತಿನವರೆಗೂ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಮಾತಾಡಬಾರದು ಕೂಡ. ಕುಂಟುತ್ತ ಅಂಗಳ ದಾಟುವಾಗ ಒಂದು ಸಲ ನಿಂತು ಸ್ಕೂಟರಿನ ಮಡ್‌ಗಾರ್ಡ್ ನೋಡಿದ್ದನ್ನು ಕಂಡೆ.

ಇವತ್ತು ಬೆಳಿಗ್ಗೆ ಸ್ಕೂಟರ್ ಕೊಳ್ಳಲು ಕುಬಿಹಾಳದ ರೈತರೊಬ್ಬರು ಬಂದರು. ಒಂದು ಟ್ರಾಯಲ್ ನೋಡಿ ಬರುತ್ತೇನೆಂದು ಓಡಿಸಿಕೊಂಡು ಹೋದರು. ಸದ್ದು ತಿರುಗಿ ಬರುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.

"ಇಂಜಿನ್ ಅಗದಿ ಚಲೋ ಐತ್ರಿ. ಮೊದಲ ಯಾರ ಕೈಯಾಗ ಇತ್ರಿ ಇದು?"

"ಗ್ಯಾರೇಜ್ ಕಾಕಾನ ಕೈಯಾಗ" ಎಂದೆ.

"ಹೌದೇನ್ರಿ! ಚಲೋ ಮನಷ್ಯಾ. ಕಡೀಕ ಮರವು ಬಂದಿತ್ತಂತಲ್ರಿ ಪಾಪ, ಟ್ರಾಯಲ್ ನೋಡದ ಗಾಡಿ ಬಿಟ್ಟಿದ್ರಂತ."

ಊರಿನ ಬಾಯಲ್ಲಿ ಕಾಕಾ ಹೀಗೆ ಉಳಿದುಬಿಟ್ಟಿದ್ದರು.

"ಅವರಿಗೆ ಮರವು ಬಂದಿರಲಿಲ್ರಿ. ಗೀಟು ಇತ್ತು. ನಾನ ಒರಿಸಿದ್ದೆ."

ಎಂಟು ವರ್ಷದ ಹಿಂದೆ ಬೇವಿನ ಗಿಡದ ಕೆಳಗೆ ಇಷ್ಟೇ ಮಾತು ಬೇಕಾಗಿತ್ತು. ಆ ರೈತರು ಏನೂ ತಿಳಿಯದೆ ನನ್ನ ಮುಖ ನೋಡಿದರು. "ಕೂಡ್ರಿ, ಹೇಳ್ತೀನಿ" ಎಂದು ಕಟ್ಟೆ ತೋರಿಸಿದೆ.