ಮಲಂಗಸಾಬರ ಕಿವಿಡಬ್ಬಿಗಳು

ರಾಣೆಬೆನ್ನೂರಿನ ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ಬೆಳಗಿನ ನಮಾಜು ಮುಗಿಸಿ ಬಂದ ಮಲಂಗಸಾಬ ಐರಣಿಯವರು ತಮ್ಮ ಮನೆಯ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಕುಳಿತಿದ್ದಾರೆ. ಬಲಗಾಲು ಮಡಚಲು ಬರುವುದಿಲ್ಲ, ಅದು ಮುಂದಕ್ಕೆ ಚಾಚಿಕೊಂಡೇ ಇದೆ. ಎದುರಿಗೆ ಗುಜರಿ ಅಂಗಡಿಯಿಂದ ಆರಿಸಿ ತಂದ ಸಾಮಾನಿನ ರಾಶಿ: ಒಡೆದ ಟೆಲಿಫೋನ್ ರಿಸೀವರುಗಳು, ಕೆಟ್ಟ ಟೇಪ್‌ರೆಕಾರ್ಡರು, ಮಕ್ಕಳು ಎಳೆದಾಡಿ ಬಿಟ್ಟ ಪುಟ್ಟ ರೇಡಿಯೊ. ರಿಸೀವರೊಂದರ ಮುಚ್ಚಳ ತಿರುವಿ, ಒಳಗಿನ ಬಿಲ್ಲೆಯಂಥ ಸ್ಪೀಕರನ್ನು ಹೊರತೆಗೆಯುತ್ತಾರೆ. ಅದರ ಎರಡು ವೈರುಗಳಿಗೆ ಟಾರ್ಚಿನ ಸೆಲ್ ತಾಗಿಸಿ ಕಿವಿಗೆ ಹಿಡಿಯುತ್ತಾರೆ. ಒಳಗೆ ‘ಟಕ್’ ಎಂದರೆ ಅದು ಬದುಕಿದೆ ಎಂದು ಲೆಕ್ಕ. ಏನೂ ಕೇಳದಿದ್ದರೆ ಮತ್ತೆ ಗುಜರಿಗೆ.

“ಬಸ್ಸು, ಟೆಂಪೋ ಸುರು ಆದ್ವಂದ್ರ ಈ ಸಪ್ಪಳ ಕೇಳೂದಿಲ್ರಿ. ಅದಕ್ಕ ಹೊತ್ತು ಏರೂದ್ರಾಗ ಈ ಕೆಲಸಾ ಮುಗಿಸಿಬಿಡ್ತೇನಿ,” ಎನ್ನುತ್ತಾರೆ.

ಬದುಕಿರುವ ಸ್ಪೀಕರುಗಳು ಸಂಜೆಯ ಹೊತ್ತಿಗೆ ಹೆಡ್‌ಫೋನುಗಳಾಗುತ್ತವೆ. ಸ್ಪೀಕರಿನ ಮನೆ ಬೂಟ್ ಪಾಲಿಶಿನ ಖಾಲಿ ಡಬ್ಬಿ. ಅದರ ಮುಚ್ಚಳಕ್ಕೆ ಮೊಳೆಯಿಂದ ಹೊಡೆದ ತೂತುಗಳು. ತಲೆಯ ಮೇಲೆ ಕೂರುವ ಪಟ್ಟಿ ಹತ್ತಿಯ ಬೇಲುಗಳಿಗೆ, ಅಂದರೆ ಒತ್ತಿ ಕಟ್ಟಿದ ಮೂಟೆಗಳಿಗೆ, ಬಿಗಿಯುವ ಕಬ್ಬಿಣದ್ದು. ಅದನ್ನು ಸೀಳಿ, ಅರದಿಂದ ಅಂಚು ತೀಡಿ, ತಮ್ಮ ಮೊಣಕಾಲಿಗೇ ಒತ್ತಿ ಬಾಗಿಸುತ್ತಾರೆ. ಕಿವಿಗೆ ತಾಗುವ ಮೆತ್ತೆಯ ಕೆಲಸ ಹೆಂಡತಿ ರಹಿಮತಬಿಯವರದು. ಹಳೆಯ ಸೀರೆಯ ಮೆತ್ತನೆಯ ಸೆರಗಿನೊಳಗೆ ಹತ್ತಿ ತುಂಬಿ, ಬಳೆಯಂತೆ ಗುಂಡಗೆ ಹೊಲಿಯುತ್ತಾರೆ. ಬಳಸುವ ಮಂದಿ ಇದನ್ನು ಹೆಡ್‌ಫೋನ್ ಎನ್ನುವುದಿಲ್ಲ, ‘ಕಿವಿಡಬ್ಬಿ’ ಎನ್ನುತ್ತಾರೆ.

ಮಲಂಗಸಾಬರ ಹೊಟ್ಟೆಪಾಡು ರೇಡಿಯೊ ರಿಪೇರಿ. ಕಿವಿಡಬ್ಬಿಗಳನ್ನು ಅವರು ಮಾರುವುದು ಕಡಿಮೆ. ಅವು ಹೋಗುವುದು ಹಾವೇರಿಯ ಒಂದು ಚಿಕ್ಕ ಧರ್ಮಾಸ್ಪತ್ರೆಯ ಗಂಡಸರ ವಾರ್ಡಿಗೆ. ಯಾಕೆಂದು ತಿಳಿಯಬೇಕಾದರೆ ಒಂಬತ್ತು ವರ್ಷ ಹಿಂದೆ, ಎಂಬತ್ಮೂರನೇ ಇಸವಿಗೆ ಹೋಗಬೇಕು.

ಆಗ ಅವರು ರಾಣೆಬೆನ್ನೂರಿನ ಹತ್ತಿ ಪ್ರೆಸ್ಸಿನಲ್ಲಿ ಹಮಾಲರು. ಬೇಲು ಒಟ್ಟುವಾಗ ಮೇಲಿನಿಂದ ಜಾರಿ ಬಿದ್ದು ತೊಡೆಯ ಎಲುಬು ಮುರಿಯಿತು. ಧರ್ಮಾಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ತಿಂಗಳುಗಟ್ಟಲೆ ಮಲಗಿಸಿದರು. ಎಡಗಡೆ ಮಂಚದಲ್ಲಿ ಬ್ಯಾಡಗಿಯ ಗಂಗಾಧರರಾಯರು. ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅವರಿಗೆ ಕಣ್ಣಿನ ಆಪರೇಶನ್ ಆಗಿತ್ತು, ಎರಡೂ ಕಣ್ಣಿಗೆ ಪಟ್ಟಿ. ಮನೆಯವರು ದಿಂಬಿನ ಬದಿಗೆ ಒಂದು ಟ್ರಾನ್ಸಿಸ್ಟರ್ ಇಟ್ಟು ಹೋಗಿದ್ದರು. ಕಿವಿಯೂ ಮಂದವಾದ್ದರಿಂದ ಅದು ದೊಡ್ಡ ದನಿಯಲ್ಲೇ ಹಾಡುತ್ತಿತ್ತು. ಅವರ ಆಚೆಗಿನ ಮಂಚದಲ್ಲಿ ಅಗಡಿಯ ಫಕ್ಕೀರಪ್ಪ. ಎದೆಯ ಬೇನೆಯಿಂದ ತೀರ ಸೊರಗಿದ್ದ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹೆಂಡತಿ ಗುಡ್ಡವ್ವ ಮೊದಲು ಕೈಮುಗಿದು ಕೇಳಿದಳು, ಆಮೇಲೆ ಜಗಳಕ್ಕೆ ಬಿದ್ದಳು. ರಾಯರೂ ಬಿಡಲಿಲ್ಲ. ಕಣ್ಣು ಕಟ್ಟಿದವನಿಗೆ ಇರುವುದು ಇದೊಂದೇ, ಇದನ್ನೂ ಕಸಿದುಕೊಳ್ಳುತ್ತೀರಾ ಎಂದು ಕೂಗಾಡಿದರು. ಕೊನೆಗೆ ನಲಿನಿ ಸಿಸ್ಟರ್ ಬಂದು ರೇಡಿಯೊವನ್ನು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಮರುದಿನದಿಂದ ರಾಯರು ಗೋಡೆಯತ್ತ ತಿರುಗಿ ಮಲಗಿದರು. ಗಂಜಿ ಕೊಟ್ಟರೆ ಬೇಡ, ಮಾತಾಡಿಸಿದರೆ ಹ್ಞೂಂ ಇಲ್ಲ. ಹಗಲೋ ಇರುಳೋ ಎಂದು ಆಗಾಗ ಕೇಳುವುದೊಂದೇ.

“ಅವರಿಬ್ಬರ ನಡುವ ಯಾರದು ತಪ್ಪು ಅನಬೇಕ್ರಿ?” ಎಂದು ಮಲಂಗಸಾಬರು ಈಗಲೂ ಕೇಳುತ್ತಾರೆ. “ಒಬ್ಬಾವಗ ಸಪ್ಪಳ ಬೇಕು, ಒಬ್ಬಾವಗ ಬ್ಯಾಡ. ಇಬ್ಬರೂ ಜಡ್ಡಿನ ಮಂದಿ. ನಾ ಬಾಜೂಕ ಕಾಲು ಜೋತುಬಿಟ್ಟಕೊಂಡು ಮಲಗೇನಿ. ಮಾಡಾಕ ಮತ್ತೇನೂ ಕೆಲಸ ಇರಲಿಲ್ಲ, ಇದನ್ನ ವಿಚಾರ ಮಾಡಿದೆ.”

ಓಣಿಯ ರೇಡಿಯೊ ರಿಪೇರಿ ಅಂಗಡಿಯಲ್ಲಿ ರಜೆಯ ದಿನ ಕುಳಿತು ಬೆಸುಗೆ ಹಾಕುವುದನ್ನು ನೋಡಿದ ಅನುಭವ ಅವರಿಗಿತ್ತು. ಅಷ್ಟೇ ಬಂಡವಾಳ. ಗುಜರಿಯಿಂದ ಹಾಳಾದ ಟೆಲಿಫೋನು ತರಲು ರಹಿಮತಬಿಗೆ ಹೇಳಿದರು. ಕಾಲು ಮುರಿದ ಗಂಡ ಟೆಲಿಫೋನು ಕೇಳುತ್ತಿದ್ದಾನೆಂದರೆ ಜ್ವರ ತಲೆಗೇರಿರಬೇಕು ಎಂದುಕೊಂಡ ರಹಿಮತಬಿ ಮೊದಲು ಸಿಸ್ಟರನ್ನು ಕರೆದು ಹಣೆ ಮುಟ್ಟಿಸಿದರಂತೆ. ಆಮೇಲೆ ತಂದುಕೊಟ್ಟರು. ರಹಿಮತಬಿ ಬೆಸುಗೆ ಹಾಕುವ ಕಡ್ಡಿಯನ್ನು ಆಸ್ಪತ್ರೆಯ ಎದುರಿನ ಚಹಾದಂಗಡಿಯ ಸ್ಟೋವಿನಲ್ಲಿ ಕಾಯಿಸಿ, ಬಟ್ಟೆಯಲ್ಲಿ ಹಿಡಿದು ಓಡಿ ಬರುವುದು, ಮಲಂಗಸಾಬರು ಮಲಗಿದಲ್ಲೇ ಎದೆಯ ಮೇಲೆ ಹಲಗೆಯಿಟ್ಟು ಒಂದು ಚುಕ್ಕೆ ಬೆಸುಗೆ ಹಾಕುವಷ್ಟರಲ್ಲಿ ಅದು ಆರುವುದು, ಮತ್ತೆ ಓಡುವುದು. ಮೊದಲನೆಯ ಪಟ್ಟಿ ತಲೆಗೆ ನಿಲ್ಲದೆ ಜಾರಿತು. ಎರಡನೆಯದು ಕಿವಿ ಕೊರೆಯಿತು. ಕಿವಿಗೆ ಮೆತ್ತೆ ಬೇಕೆಂಬುದು ಹೊಳೆದದ್ದು ಆಗ, ರಹಿಮತಬಿಗೆ.

ಸಿಸ್ಟರ್ ಕಪಾಟು ತೆರೆದು ರೇಡಿಯೊ ಕೊಟ್ಟರು. ರಹಿಮತಬಿ ಕಿವಿಡಬ್ಬಿಯನ್ನು ರಾಯರ ತಲೆಗೆ ತೊಡಿಸಿದರು. ವೈರಿನ ತುದಿಯ ಪಿನ್ನು ಸಿಕ್ಕಿಸಿದ ಕೂಡಲೇ ರೇಡಿಯೊದ ಬಾಯಿ ಕಟ್ಟಿತು. ವಾರ್ಡಿನಲ್ಲಿ ಏನೂ ಕೇಳದು. ಮಲಂಗಸಾಬರಿಗೆ ಎಲ್ಲ ಕೆಟ್ಟಿತು ಎನ್ನಿಸಿತು. ಅಷ್ಟರಲ್ಲಿ ಗೋಡೆಯತ್ತ ಮುಖ ಮಾಡಿದ್ದ ರಾಯರು ನಿಧಾನಕ್ಕೆ ಈಚೆ ಹೊರಳಿದರು. ಧಾರವಾಡ ಆಕಾಶವಾಣಿಯಲ್ಲಿ ಪ್ರದೇಶ ಸಮಾಚಾರ ಓದುತ್ತಿದ್ದಾರೆ ಎಂದರು. ಆ ಮಧ್ಯಾಹ್ನ ಗಂಜಿ ಕುಡಿದರು.

ಇಷ್ಟಕ್ಕೇ ಮುಗಿದಿದ್ದರೆ ಅದು ಇಬ್ಬರ ಜಗಳ ತೀರಿದ ಕಥೆಯಾಗುತ್ತಿತ್ತು. ಒಂದು ಬೆಳಿಗ್ಗೆ ರೇಡಿಯೊದಲ್ಲಿ ತತ್ವಪದಗಳು ಬರುತ್ತಿದ್ದವು. ರಾಯರು ತಮಗೆ ಗೊತ್ತಿಲ್ಲದೆ ತಾವೂ ಸಣ್ಣಗೆ ಗುನುಗುತ್ತಿದ್ದರು. ಗುನುಗು ನಿಲ್ಲಿಸಿದಾಗ ಪಕ್ಕದ ಕಬ್ಬಿಣದ ಮಂಚದ ಮೇಲೆ ಯಾರೋ ಬೆರಳಿನಿಂದ ತಾಳ ಹಾಕುತ್ತಿರುವುದು ತಾಗಿ ನಿಂತ ತಮ್ಮ ಮಂಚದ ಸರಳಿನಲ್ಲಿ ಕೈಗೆ ತಿಳಿಯಿತು. ಯಾರದು ಎಂದು ಕೇಳಿದರು. ಗುಡ್ಡವ್ವ ಗಂಡನ ಬೆರಳು ನೋಡಿದಳು. ತನ್ನ ಗಂಡ ಊರಲ್ಲಿ ಭಜನೆಯ ಮೇಳ ನಡೆಸುತ್ತಿದ್ದವನು, ಮೈಯಲ್ಲಿ ಶಕ್ತಿ ಹೋದ ಮೇಲೆ ಹಾಡು ಬಿಟ್ಟಿದ್ದಾನೆ ಎಂದಳು.

ರಾಯರು ತಲೆಯಿಂದ ಕಿವಿಡಬ್ಬಿ ತೆಗೆದು, ಕಣ್ಣಿನ ಪಟ್ಟಿಯ ಕತ್ತಲೆಯಲ್ಲೇ ಕೈ ಮುಂದೆ ಚಾಚಿದರು. “ತಗೋರೆವಾ, ಅವರಿಗೆ ಹಾಕ್ರಿ. ನನಗ ನಾಳಿನೂ ಹಾಡು ಬರ್ತಾವ.”

ಅಂದಿನಿಂದ ಬೆಳಗಿನ ಹಾಡು ಫಕ್ಕೀರಪ್ಪನಿಗೆ, ಮಧ್ಯಾಹ್ನದ ಸಮಾಚಾರ ರಾಯರಿಗೆ ಎಂದಾಯಿತು. ಕೆಲವು ದಿನ ಹೀಗೆ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ, ಹಾಡು ಇನ್ನೂ ಮುಗಿದಿರಲಿಲ್ಲ, ತಾಳ ಹಾಕುತ್ತಿದ್ದ ಬೆರಳು ನಿಂತಿತು. ರಾಯರ ಕಣ್ಣಿನ ಪಟ್ಟಿ ಬಿಚ್ಚಿದಾಗ ಪಕ್ಕದ ಮಂಚದಲ್ಲಿ ಬೇರೆ ಯಾರೋ ಇದ್ದರು. ಫಕ್ಕೀರಪ್ಪನ ಮುಖ ಅವರು ನೋಡಲೇ ಇಲ್ಲ.

ಮಲಂಗಸಾಬರ ಎಲುಬು ಕೂಡಿತು, ಕಾಲು ಮಾತ್ರ ಗಿಡ್ಡಾಯಿತು. ಬೇಲು ಹೊರುವ ದಿನ ಮುಗಿದವು. ಓಣಿಯ ಅಂಗಡಿಯಲ್ಲೇ ಕುಳಿತು ರೇಡಿಯೊ ರಿಪೇರಿ ಕಲಿತರು. ಸುಗ್ಗಿಯ ನಂತರ ಗುಡ್ಡವ್ವ ಒಂದು ಚೀಲ ಜೋಳ ಹೊರಿಸಿಕೊಂಡು ಅವರ ಮನೆ ಹುಡುಕಿ ಬಂದಳು. ಅವತ್ತು ಅವಳು ಆಡಿದ ಮಾತು ಗಂಡ ಹೆಂಡತಿ ಇಬ್ಬರಿಗೂ ಬಾಯಿಪಾಠವಾಗಿದೆ.

“ನಮ್ಮವರು ಹಾಡು ಕೇಳ್ಕೋಂತ ಹ್ವಾದ್ರು, ಅದಕ್ಕ ನನಗ ಸಮಾಧಾನ ಐತಿ,” ಎಂದಿದ್ದಳು. “ಈಗ ಆ ಹಾಸಿಗಿಗೆ ಮತ್ತ್ಯಾರರ ಬಂದು ಮಲಗಿರ್ತಾರ. ಅವರಿಗೂ ಒಂದು ಮಾಡಿಕೊಡು ತಮ್ಮಾ.”

ಒಂದನ್ನು ಮಾಡುವುದು ಸುಲಭವಿತ್ತು. ಒಂದೇ ರೇಡಿಯೊದಿಂದ ಗೋಡೆಗುಂಟ ವೈರು ಎಳೆದು ಹಾಸಿಗೆಗೊಂದು ಕಿವಿಡಬ್ಬಿ ಕೊಡಲು ಹೋದಾಗ ತೊಂದರೆ ಎದುರಾಯಿತು. ನಾಲ್ಕನೆಯದನ್ನು ಜೋಡಿಸಿದ ಕೂಡಲೇ ಎಲ್ಲರ ಕಿವಿಯಲ್ಲೂ ದನಿ ಸಣ್ಣಗಾಗಿ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಾಯಿತು. ಮಲಂಗಸಾಬರು ಸೋತು ಎಲ್ಲವನ್ನೂ ಬಿಚ್ಚಿಕೊಂಡು ಬಂದು, ಆ ಮಳೆಗಾಲವೆಲ್ಲ ಅದರ ಹೆಸರೆತ್ತಲಿಲ್ಲ. ಒಂದು ದಿನ ರಿಪೇರಿಗೆ ಬಂದು ವಾರಸುದಾರರಿಲ್ಲದೆ ಉಳಿದ ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ತಿರುಗಿಸುವ ಭಾಗ ಸತ್ತಿದ್ದರೂ ದನಿ ದೊಡ್ಡದು ಮಾಡುವ ಭಾಗ ಗಟ್ಟಿಯಾಗಿರುವುದು ಕಂಡಿತು. ಅದನ್ನು ಕಿತ್ತು ರೇಡಿಯೊಕ್ಕೂ ವೈರಿಗೂ ನಡುವೆ ಕೂರಿಸಿದರು. ದನಿ ಕೊನೆಯ ಹಾಸಿಗೆಯವರೆಗೂ ಹೋಯಿತು.

ಈಗ ಶನಿವಾರಕ್ಕೊಮ್ಮೆ ಅವರು ಹಾವೇರಿ ಬಸ್ಸು ಹತ್ತುತ್ತಾರೆ. ಚೀಲದಲ್ಲಿ ಹೊಸ ಮೆತ್ತೆಗಳು, ವೈರು, ಬೆಸುಗೆ ಕಡ್ಡಿ. ಯಾರೋ ಹೊರಳಿದಾಗ ಕಿತ್ತುಹೋದ ವೈರು, ಎಣ್ಣೆ ತಲೆಗೆ ಜಿಡ್ಡಾದ ಮೆತ್ತೆ, ಇವು ವಾರದ ರಿಪೇರಿ. ಬಳಸಿದ ಮೆತ್ತೆಗಳನ್ನು ರಹಿಮತಬಿ ಕುದಿಯುವ ನೀರಿಗೆ ಹಾಕಿ ಒಗೆದು ಕೊಡುತ್ತಾರೆ. ಇಂದು ಹಿರಿಯ ಸಿಸ್ಟರ್ ಆಗಿರುವ ನಲಿನಿಯವರು, ನೋವಿನ ಗುಳಿಗೆ ಕೇಳುವುದು ಹಾಡಿನ ಹೊತ್ತಿಗೆ ಕಡಿಮೆಯಾಗುತ್ತದೆ ಎನ್ನುತ್ತಾರೆ. ತಾವು ಬೀಗ ಹಾಕಿದ ಕಪಾಟಿನಲ್ಲೇ ಈಗ ರೇಡಿಯೊ ಕೂರುತ್ತದೆ ಎಂದು ನಗುತ್ತಾರೆ.

ನಾನು ಅವರ ಜೊತೆ ಹೋದ ಶನಿವಾರ ವಾರ್ಡಿನಲ್ಲಿ ಗಡಿಯಾರದ ಸಪ್ಪಳ ಕೇಳುವಷ್ಟು ಶಾಂತಿ. ಸಾಲಾಗಿ ಮಲಗಿದವರ ತಲೆಯ ಮೇಲೆ ಕಬ್ಬಿಣದ ಪಟ್ಟಿ, ಕಿವಿಯ ಮೇಲೆ ಬಣ್ಣಬಣ್ಣದ ಸೀರೆಯ ಮೆತ್ತೆ. ರೇಡಿಯೊದಲ್ಲಿ ನಗೆನಾಟಕವಂತೆ, ನನಗೇನೂ ಕೇಳದು. ಇದ್ದಕ್ಕಿದ್ದಂತೆ ಇಡೀ ವಾರ್ಡು ಒಟ್ಟಿಗೆ ನಕ್ಕಿತು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರೊಬ್ಬರು ಹೊಲಿಗೆಯನ್ನು ಅಂಗೈಯಿಂದ ಒತ್ತಿ ಹಿಡಿದು ನಗುತ್ತಿದ್ದಾರೆ. ಮತ್ತೆ ನಿಶ್ಶಬ್ದ. ಮತ್ತೆ ನಗು.

ಅದೇ ನಗು ಗೋಡೆಯಾಚೆ ಹೆಂಗಸರ ವಾರ್ಡಿಗೂ ಕೇಳಿರಬೇಕು. ಕಾಲಿಗೆ ಪಟ್ಟಿ ಕಟ್ಟಿದ ಮುದುಕಿಯೊಬ್ಬರು ಗೋಡೆ ಹಿಡಿದು ಬಾಗಿಲಿಗೆ ಬಂದು ನಿಂತು, ಅವರೆಲ್ಲ ಯಾಕೆ ನಗುತ್ತಿದ್ದಾರೆ ಎಂದು ಮಲಂಗಸಾಬರನ್ನೇ ಕೇಳಿದರು. ಅವರು ಚೀಲದಿಂದ ವೈರಿನ ಸುರುಳಿ ತೆಗೆದು, ಬಾಗಿಲಿನಿಂದ ಆಚೆಯ ಮಂಚದವರೆಗೆ ಕಣ್ಣಳತೆ ಹಾಕಿದರು.

“ಮುಂದಿನ ವಾರ ರೇಡಿಯೊದವರು ನಿಮಗೂ ಹೇಳ್ತಾರಬೇ. ಈಗ ಹೋಗಿ ಮಲಗ್ರಿ, ಕಾಲಮ್ಯಾಲೆ ಭಾಳ ಹೊತ್ತು ನಿಲ್ಲಬ್ಯಾಡ್ರಿ.”